ಪೆಂಡಾಲು ಹಾಕುವ ಮೊದಲು
ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕ್ರೈಸ್ತ ಸಭೆಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದರ ಸಹೋದರಿಯರೇ,



ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ನಮ್ಮ ಸಭೆಗಳಲ್ಲಿ ಪ್ರತಿ ವರ್ಷ ಅದೇ ಮಾತು ಏಳುತ್ತದೆ. ಈ ಸಲ ಸುವಾರ್ತೆಗೆ ಏನು ಮಾಡೋಣ? ಮೂರು ದಿನದ ಕೂಟ ಇಡೋಣವೇ, ಪ್ರಸಂಗಕ್ಕೆ ಬೆಂಗಳೂರಿನಿಂದ ಯಾರನ್ನು ಕರೆಸೋಣ, ಕರಪತ್ರ ಎಷ್ಟು ಸಾವಿರ ಅಚ್ಚು ಹಾಕಿಸೋಣ, ಪೊಲೀಸ್ ಅನುಮತಿಗೆ ಯಾರು ಓಡಾಡುತ್ತಾರೆ? ಈ ವರ್ಷವೂ ಆ ಚರ್ಚೆ ಶುರುವಾಗಿದೆ ಎಂದು ಕೇಳಿದೆ. ಅದು ತೀರ್ಮಾನಕ್ಕೆ ಬರುವ ಮುಂಚೆ ನನ್ನದೂ ಒಂದು ಮಾತಿರಲಿ ಎಂದು ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣವಿದೆ. ನಾವು ನಮ್ಮೊಳಗೆ ಏನು ಮಾತಾಡಿಕೊಳ್ಳುತ್ತೇವೆ ಎಂಬುದು ನಮ್ಮ ನೆರೆಯವರಿಗೂ ಗೊತ್ತಾಗಲಿ. ಬಾಗಿಲು ಹಾಕಿಕೊಂಡು ಮಾತಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ವರ್ಗಾವಣೆ ಬಂದಂತೆಲ್ಲ ಈ ನಾಲ್ಕೂ ಊರಿನಲ್ಲಿ ಮನೆ ಮಾಡಿ, ಕೊನೆಗೆ ಹಾಸನದಲ್ಲಿ ನಿವೃತ್ತಳಾದೆ. ಹುಟ್ಟಿ ಬೆಳೆದದ್ದು ಸಿ.ಎಸ್.ಐ. ಸಭೆಯಲ್ಲಿ. ಹೋದಲ್ಲೆಲ್ಲ ಕ್ಯಾಥೊಲಿಕ್ ಕುಟುಂಬಗಳು ನೆರೆಹೊರೆಯಾದವು, ಪೆಂತೆಕೋಸ್ತಿನವರ ಮನೆ ಪ್ರಾರ್ಥನೆಗಳಲ್ಲಿ ಮಂಡಿಯೂರಿದ್ದೇನೆ. ಆದ್ದರಿಂದ ಈ ಪತ್ರ ಯಾವುದೋ ಒಂದು ಪಂಗಡಕ್ಕೆ ಬರೆದದ್ದಲ್ಲ.

ಹೇಳಬೇಕಾದ ಮಾತು ಇಷ್ಟೇ. ನಮ್ಮ ಊರುಗಳ ಜನ ಸುವಾರ್ತೆಯನ್ನು ಪೆಂಡಾಲಿನಲ್ಲಿ ಕೂತು ಕೇಳುವುದು ಅಪರೂಪ. ನಮ್ಮ ಅಂಗಡಿಯ ತೂಕದಲ್ಲಿ, ಆಳುಗಳಿಗೆ ನಾವು ಕೊಡುವ ಕೂಲಿಯಲ್ಲಿ, ಅವರ ಮನೆಯ ಕಾಯಿಲೆ ಕಸಾಲೆಗೆ ನಾವು ನಿಂತುಕೊಂಡ ರೀತಿಯಲ್ಲಿ ಅದನ್ನು ನೋಡುತ್ತಾರೆ. ನೋಡಿ ಇಷ್ಟವಾದರೆ ಒಂದು ದಿನ ಅವರೇ ಕೇಳುತ್ತಾರೆ. ಕೇಳಿದಾಗ ನಾಚಿಕೆಯಿಲ್ಲದೆ ಹೇಳಬೇಕು. ಕೇಳದಿದ್ದರೂ ಮಾಡುವುದನ್ನು ನಿಲ್ಲಿಸಬಾರದು. ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಯಾರ ನಂಬಿಕೆಯನ್ನೂ ಕೇಳಬಾರದು.

ಇದನ್ನು ನಾನು ಪ್ರಸಂಗದಿಂದ ಕಲಿಯಲಿಲ್ಲ. ಅರಕಲಗೂಡಿನಲ್ಲಿದ್ದಾಗ ಕಣ್ಣಾರೆ ಕಂಡೆ.

ಆ ಕಡೆಯವರಿಗೆ ಹೊಗೆಸೊಪ್ಪಿನ ಬೇಸಾಯ ಏನೆಂದು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮುರಿದ ಹಸಿ ಸೊಪ್ಪನ್ನು ಕಡ್ಡಿಗೆ ಪೋಣಿಸಿ ಬ್ಯಾರನ್ ಎಂಬ ಹದ ಮಾಡುವ ಕೋಣೆಯೊಳಗೆ ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಒಡ್ಡಿ, ಬಿಸಿಯನ್ನು ಮೆಲ್ಲಗೆ ಏರಿಸುತ್ತ, ಹೆಚ್ಚುಕಡಿಮೆ ಒಂದು ವಾರ ಹದ ಮಾಡಬೇಕು. ಸೊಪ್ಪು ಹಳದಿಗೆ ತಿರುಗುವ ಹೊತ್ತಿನಲ್ಲಿ ಶಾಖ ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಸೊಪ್ಪಿಗೆ ರಾಮನಾಥಪುರದ ಹರಾಜಿನಲ್ಲಿ ಕೇಳುವವರಿಲ್ಲ. ಅದಕ್ಕೇ ರಾತ್ರಿಯೆಲ್ಲ ಒಬ್ಬರು ಒಲೆಯ ಮುಂದೆ ಎಚ್ಚರವಾಗಿರಲೇಬೇಕು. (ಹೊಗೆಸೊಪ್ಪು ಎದೆಗೆ ಮಾಡುವ ಹಾನಿಯನ್ನು ವಾರ್ಡಿನಲ್ಲಿ ನೋಡಿದವಳು ನಾನು, ಆ ಬೆಳೆಯ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ ಒಂದು ಮನೆಯ ವರ್ಷದ ಅನ್ನ ಅದರಲ್ಲಿರುತ್ತದೆ ಎಂಬುದೂ ಗೊತ್ತು.)

ಒಂದು ಹಳ್ಳಿಯ ಗೌಡರ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ನಮ್ಮ ಆಸ್ಪತ್ರೆಗೆ ಬಂದ. ಅಲ್ಲಿಂದ ಹಾಸನಕ್ಕೆ ಕಳಿಸಿದೆವು. ಗಂಡ ಹೆಂಡತಿ ಇಬ್ಬರೂ ಆಂಬುಲೆನ್ಸ್ ಹತ್ತಿದರು. ಬ್ಯಾರನ್ ಒಳಗೆ ಎರಡನೇ ದಿನದ ಸೊಪ್ಪು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವನೊಬ್ಬ ನಮ್ಮ ಸಭೆಯವನು, ಊರಾಚೆಯ ಕೇರಿಯವನು. ಹಿಂದಿನ ವಾರಗಳ ಕೂಲಿ ಅವನಿಗೆ ಇನ್ನೂ ಬಂದಿರಲಿಲ್ಲ. ಯಾರೂ ಹೇಳದೆಯೇ ಅವನು ಹೋಗಿ ಒಲೆಯ ಮುಂದೆ ಕೂತ. ಗೌಡರು ಮರಳುವವರೆಗೆ ಹಗಲು ಅವನ ಹೆಂಡತಿ, ರಾತ್ರಿ ಅವನು, ಶಾಖಮಾಪಕ ನೋಡುತ್ತ ಸೌದೆ ಹಾಕಿದರು. ಸೊಪ್ಪು ಉಳಿಯಿತು. ಹುಡುಗನೂ ಉಳಿದ.

ಇದನ್ನು ನನಗೆ ಹೇಳಿದ್ದು ಹುಡುಗನ ತಾಯಿ, ಹೊಲಿಗೆ ಬಿಚ್ಚಿಸಲು ಬಂದ ದಿನ. “ನಮ್ಮನೆಯವ್ರು ಕೇಳುದ್ರಂತೆ ಸಿಸ್ಟರ್, ದುಡ್ಡೂ ಕೊಟ್ಟಿರ್ನಿಲ್ಲ, ಯಾಕ್ಲಾ ಮಾಡ್ದೆ ಅಂತ. ನಮ್ಮ ಯೇಸಪ್ಪ ಹಂಗೇ ಹೇಳ್ಕೊಟ್ಟವ್ನೆ ಗೌಡ್ರೆ ಅಂದ್ನಂತೆ, ಅಷ್ಟೇಯ. ನೀವೂ ಅದೇ ದೇವ್ರಂತಲ್ಲ?” ಎಂದು ಕೇಳಿದರು. ಹೌದು ಎಂದೆ. ಆಮೇಲೆ ಆ ಯೇಸಪ್ಪ ಯಾರು, ಏನು ಹೇಳಿದ ಎಂದು ಅವರೇ ಕೂತು ಕೇಳಿದರು. ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ, ಹತ್ತು ನಿಮಿಷ. ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆ ಹೇಳಿದೆ.

ಆ ಮನೆಯವರು ಯಾರೂ ಕ್ರೈಸ್ತರಾಗಲಿಲ್ಲ. ಈಗಲೂ ಅವರ ಮನೆದೇವರಿಗೆ ಹರಕೆ ಸಲ್ಲಿಸುತ್ತಾರೆ. ಬದಲಾದದ್ದು ಒಂದೇ. ಆ ಕೂಲಿಯವನಿಗೆ ಅಲ್ಲಿಯವರೆಗೆ ಹಿತ್ತಲಲ್ಲಿ ಬೇರೆ ಲೋಟದಲ್ಲಿ ಟೀ ಸಿಗುತ್ತಿತ್ತು. ಆಮೇಲೆ ಜಗಲಿಯ ಮೇಲೆ ಕೂರಿಸಿ ಮನೆಯ ಲೋಟದಲ್ಲೇ ಕೊಟ್ಟರು. ನಮ್ಮ ಕೆಲವು ಸಹೋದರರು ಇದನ್ನು ಕೇಳಿ, “ಹಾಗಾದರೆ ಫಲ ಸಿಗಲಿಲ್ಲ” ಎಂದರು. ನನಗೆ ಆ ಮಾತು ಇವತ್ತಿಗೂ ನೋವು ಕೊಡುತ್ತದೆ. ದೇವರ ರಾಜ್ಯ ಹತ್ತಿರ ಬಂದಿದೆ ಎಂದು ಸಾರಿದ ಯೇಸು ಆ ಜಗಲಿಯನ್ನು ನೋಡಿ ಏನೂ ಆಗಿಲ್ಲ ಎನ್ನುತ್ತಿದ್ದನೇ?

ಎಷ್ಟು ಜನ ಕ್ರೈಸ್ತರಾದರು ಎಂದು ಲೆಕ್ಕ ಹಾಕುವ ಈ ಹಂಬಲ ನಮ್ಮ ಸೀಮೆಯಲ್ಲಿ ಹೊಸದಲ್ಲ. ಅಬ್ಬೆ ದುಬಾಯ್ ಹೆಸರನ್ನು ನೀವು ಕೇಳಿರುತ್ತೀರಿ. ಫ್ರಾನ್ಸಿನಿಂದ 1792ರಲ್ಲಿ ಬಂದ ಈ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ಬೀಡುಬಿಟ್ಟರು. ಹಾಸನದ ಸುತ್ತಿನ ಹಳೆಯ ಕ್ರೈಸ್ತ ಒಕ್ಕಲುಗಳ ಮೂಲವನ್ನು ಅವರ ಕೆಲಸಕ್ಕೇ ಜೋಡಿಸುತ್ತಾರೆ. ಶೆಟ್ಟಿಹಳ್ಳಿಯ ಮುಳುಗು ಚರ್ಚನ್ನೂ ಅವರೇ ಕಟ್ಟಿಸಿದರೆಂದು ಪ್ರವಾಸಿಗರಿಗೆ ಹೇಳುವುದುಂಟು, ಅದು ಸರಿಯಲ್ಲ. ಅವರು 1823ರಲ್ಲೇ ತಮ್ಮ ದೇಶಕ್ಕೆ ಮರಳಿದರು. ಆ ಚರ್ಚು ಎದ್ದದ್ದು 1860ರ ದಶಕದಲ್ಲಿ. ದುಬಾಯ್ ಮಾಡಿದ ಒಂದು ಕೆಲಸ ನರ್ಸ್ ಆದ ನನಗೆ ಬಹಳ ದೊಡ್ಡದು. ಸಿಡುಬು ಊರೂರನ್ನೇ ಖಾಲಿ ಮಾಡುತ್ತಿದ್ದ ಕಾಲದಲ್ಲಿ, 1803–04ರಲ್ಲಿ, ಆಗಷ್ಟೇ ಬಂದಿದ್ದ ದೇವಿ ಹಾಕುವ ಪದ್ಧತಿಯನ್ನು ಜನರಿಗೆ ಒಪ್ಪಿಸಿ, 25,000ಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಜೆನ್ನರ್ ಇಂಗ್ಲೆಂಡಿನಲ್ಲಿ ಅದನ್ನು ಪ್ರಕಟಿಸಿ ಆಗ ಐದಾರು ವರ್ಷವಷ್ಟೇ ಆಗಿತ್ತು.

ಅದೇ ದುಬಾಯ್ ಊರಿಗೆ ಮರಳಿದ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕೆಲಸಕ್ಕೆ ಭವಿಷ್ಯವೇ ಇಲ್ಲ ಎಂದು ನಿರಾಶೆಯಿಂದ ಬರೆದರು. ಮೂವತ್ತು ವರ್ಷದ ದುಡಿಮೆ ಸೋತಿತು ಎಂದೇ ಅವರು ತಿಳಿದಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ದೀಕ್ಷಾಸ್ನಾನದ ಪುಸ್ತಕವನ್ನು ಮುಂದಿಟ್ಟುಕೊಂಡು ನೋಡಿದರೆ ಸೋಲು. ದೇವಿ ಹಾಕಿಸಿಕೊಂಡು ಬದುಕುಳಿದ ಮಕ್ಕಳು, ಅವರ ಮಕ್ಕಳು, ಮೊಮ್ಮಕ್ಕಳು ಈ ಸೀಮೆಯ ಯಾವ ಜಾತಿಯಲ್ಲಿ, ಯಾವ ಮತದಲ್ಲಿ ಇಲ್ಲ? ಅವರಲ್ಲಿ ಯಾರಿಗೂ ಆ ಪಾದ್ರಿಯ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಇನ್ನೊಂದು ಹಳೆಯ ಸಂಗತಿ ನನ್ನ ಮನೆಗೇ ಸೇರಿದ್ದು. 1876ರಿಂದ 78ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರದಲ್ಲಿ ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ದಿಕ್ಕಿಲ್ಲದೆ ಉಳಿದ ಹೆಣ್ಣುಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಅನಾಥಾಲಯ ತೆರೆಯಿತು. ನನ್ನ ಅಜ್ಜಿಯ ಅಜ್ಜಿ ಅಲ್ಲಿ ಬೆಳೆದವಳು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವಳ ಊರು ಯಾವುದು, ತಂದೆ ತಾಯಿ ಯಾರು ಎಂದು ಅವಳಿಗೇ ಗೊತ್ತಿರಲಿಲ್ಲವಂತೆ. ಗಂಜಿ ಕೊಟ್ಟರು, ಅಕ್ಷರ ಕೊಟ್ಟರು, ಹೊಲಿಗೆ ಕಲಿಸಿದರು, ಕ್ರೈಸ್ತಳನ್ನಾಗಿ ಬೆಳೆಸಿದರು. ಆ ಗಂಜಿ ಇಲ್ಲದಿದ್ದರೆ ನಾನು ಈ ಪತ್ರ ಬರೆಯಲು ಇರುತ್ತಿರಲಿಲ್ಲ. ಆ ಋಣವನ್ನು ನಾನು ಮರೆಯಲಾರೆ.

ಆದರೆ ಹಸಿದ ಮಗು ಬೇಕು ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದೂ ನಿಜ. ಹೊಟ್ಟೆಪಾಡಿಗೆ ಮತ ಬಿಟ್ಟವರು ಎಂಬ ಮಾತನ್ನು ನಮ್ಮ ಹಿರಿಯರು ತಲೆಮಾರುಗಟ್ಟಲೆ ಕೇಳಿಸಿಕೊಂಡರು. ಆ ಕಾಲದವರ ಮೇಲೆ ಈಗ ನ್ಯಾಯಪೀಠ ಹೂಡುವುದು ನನ್ನ ಉದ್ದೇಶವಲ್ಲ. ಸಾಯುತ್ತಿದ್ದ ಮಗುವನ್ನು ಎತ್ತಿಕೊಂಡವರು ಅವರು. ನಮ್ಮ ಕಾಲದಲ್ಲಿ ಅನ್ನ ಬೇರೆ, ನಂಬಿಕೆ ಬೇರೆ ಎಂದು ಗೆರೆ ಎಳೆದು ನಡೆಯುವುದು ಸಾಧ್ಯ. ಆದ್ದರಿಂದ ಎಳೆಯಲೇಬೇಕು. ರೇಷನ್ ಕಿಟ್ ಕೊಡುವಾಗ ಚೀಲದೊಳಗೆ ಕರಪತ್ರ ಇಡಬೇಡಿ. ಶಾಲೆಯ ಫೀಸು ಕಟ್ಟಿದ ಮಗುವಿನ ತಾಯಿಯನ್ನು ಭಾನುವಾರ ಆರಾಧನೆಗೆ ಕಾಯಬೇಡಿ. ಬರಬೇಕು ಅನ್ನಿಸಿದರೆ ಅವಳಾಗಿ ಬರಲಿ.

ಕಾನೂನಿಗೆ ಹೆದರಿ ಹೇಳುತ್ತಿದ್ದೇನೆ ಎಂದು ಭಾವಿಸಬೇಡಿ. ಕಾನೂನು ಗೊತ್ತಿರಬೇಕು ಎಂಬುದು ಬೇರೆ ಮಾತು. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆ ಉಡುಗೊರೆ, ಉಚಿತ ಶಿಕ್ಷಣ, ಮದುವೆಯ ಭರವಸೆ ಇವನ್ನೆಲ್ಲ ಆಮಿಷದ ಪಟ್ಟಿಗೆ ಸೇರಿಸಿತು, ಮತ ಬದಲಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಪ್ರಾಪ್ತ ವಯಸ್ಸಿನ ಮನುಷ್ಯ ತನ್ನ ದೇವರನ್ನು ಆರಿಸಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರಾರ್ಥನೆಗೆ ಕೂತವರ ಮೇಲೆ ನುಗ್ಗಿ ಬೆದರಿಸುವುದು ತಪ್ಪು, ಅದನ್ನು ಗಟ್ಟಿಯಾಗಿ ಹೇಳಬೇಕು, ಬೇಕಾದರೆ ದೂರು ಕೊಡಬೇಕು. ಆದರೆ ಇಂಥ ಯಾವ ಕಾಯ್ದೆಯೂ ಇಲ್ಲದಿದ್ದರೂ ಆಮಿಷ ಒಡ್ಡುವುದು ಯೇಸುವಿನ ದಾರಿಯಲ್ಲ. ಅರಣ್ಯದಲ್ಲಿ ಸೈತಾನನು ಅವನ ಮುಂದಿಟ್ಟ ಮೊದಲ ಆಮಿಷವೇ ರೊಟ್ಟಿಯದು.

ಈಗ ನನ್ನ ವೃತ್ತಿಗೆ ಹತ್ತಿರವಾದ ಮಾತು. ದಯವಿಟ್ಟು ಇದನ್ನು ಸಭಾಪಾಲಕರು, ಪಾಸ್ಟರುಗಳು, ಪ್ರಾರ್ಥನೆ ಕೂಟ ನಡೆಸುವ ಹೆಂಗಸರು ಮನಸ್ಸಿಟ್ಟು ಓದಿ. ರೋಗಿಗಾಗಿ ಪ್ರಾರ್ಥಿಸುವುದು ಒಳ್ಳೆಯದು. ನಾನೂ ಮಾಡುತ್ತೇನೆ, ದೇವರು ಕೇಳುತ್ತಾನೆಂದು ನಂಬುತ್ತೇನೆ. ಆದರೆ ಪ್ರಾರ್ಥನೆ ಮಾಡಿ “ನಂಬಿಕೆ ಇದ್ದರೆ ಮಾತ್ರೆ ನಿಲ್ಲಿಸು” ಎನ್ನುವವರು ನಮ್ಮ ನಡುವೆ ಇದ್ದಾರೆ. ಹೊಳೆನರಸೀಪುರದಲ್ಲಿ ಒಂದು ರಾತ್ರಿ, ಮೂರ್ಛೆ ಕಾಯಿಲೆಯ ಹುಡುಗಿಯನ್ನು ಆಟೋದಲ್ಲಿ ತಂದರು. ಬಾಯಲ್ಲಿ ನೊರೆ, ಕಚ್ಚಿಕೊಂಡ ನಾಲಿಗೆಯಿಂದ ರಕ್ತ, ಒಂದು ಸಲ ಸೆಳೆತ ನಿಂತು ಎಚ್ಚರವಾಗುವ ಮುಂಚೆಯೇ ಇನ್ನೊಂದು. ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ, ಸೆಳೆತ ನಿಂತ ಮೇಲೆ ಅವಳ ತಾಯಿಯನ್ನು ಕೇಳಿದೆ, ಮಾತ್ರೆ ಯಾವಾಗ ಕೊಟ್ಟಿರಿ ಎಂದು. ಆಕೆ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹದಿನೈದು ದಿನದ ಮಾತ್ರೆ ಹಾಗೇ ಇತ್ತು. “ವಾಸಿಯಾಗೈತೆ, ಇನ್ನು ನುಂಗುದ್ರೆ ಅಪನಂಬಿಕೆ ಅಂದ್ರು ಕಣವ್ವ” ಎಂದಳು. ಹಾಗೆ ಹೇಳಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ. ಹುಡುಗಿ ಬದುಕಿದಳು.

ಮೂರ್ಛೆಯ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಒಂದರ ಮೇಲೊಂದು ಸೆಳೆತ ಬಂದು ಜೀವವೇ ಹೋಗಬಹುದು. ಬಿ.ಪಿ. ಮಾತ್ರೆ ಬಿಟ್ಟರೆ ಲಕ್ವ ಹೊಡೆಯಬಹುದು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಿಗೆ ಕೆಮ್ಮು ಕಡಿಮೆಯಾಗಿ ಮೈ ತುಂಬಿಕೊಳ್ಳುತ್ತದೆ, ವಾಸಿಯಾಯಿತು ಎನ್ನಿಸುತ್ತದೆ. ಆಗ ಬಿಟ್ಟವರಿಗೆ ಔಷಧಿಗೆ ಬಗ್ಗದ ಕ್ಷಯ ಮರುಕಳಿಸಬಹುದು, ಮನೆಮಂದಿಗೂ ಹರಡಬಹುದು. ಸಾಕ್ಷಿ ಹೇಳುವ ವೇದಿಕೆಗೆ ಇಂಥವರನ್ನು ಹತ್ತಿಸಿ ಚಪ್ಪಾಳೆ ಹೊಡೆಸಿದ ಮೇಲೆ ಅವರ ಗತಿ ಏನಾಯಿತು ಎಂದು ನೋಡಲು ಯಾರೂ ಹೋಗುವುದಿಲ್ಲ. ನಾವು ನೋಡುತ್ತೇವೆ, ವಾರ್ಡಿನಲ್ಲಿ. ಲೂಕನು ವೈದ್ಯನಾಗಿದ್ದನೆಂದು ಪೌಲನೇ ಪ್ರೀತಿಯಿಂದ ಬರೆದಿದ್ದಾನೆ. ಸುವಾರ್ತೆಯೊಂದನ್ನು ವೈದ್ಯನ ಕೈಯಲ್ಲಿ ಬರೆಸಿದ ದೇವರು ಮಾತ್ರೆಯ ವೈರಿಯಾಗಿರಲಾರ. ಹಾಸನದ ಮಿಷನ್ ಆಸ್ಪತ್ರೆಯನ್ನು, ಅಂದರೆ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನು, ನಮ್ಮ ಹಿರಿಯರು ಕಟ್ಟಿದ್ದು ಯಾವ ನಂಬಿಕೆಯಿಂದ? ಹೆರಿಗೆಯ ಕೋಣೆಯಲ್ಲಿ ಕಣ್ಣಿಗೆ ಕಂಡ ಪ್ರೀತಿಗಿಂತ ಹೆಚ್ಚಿನ ಪ್ರಸಂಗ ಬೇಕಿಲ್ಲ ಎಂಬ ನಂಬಿಕೆಯಿಂದಲೇ ಅಲ್ಲವೇ?

ಡ್ಯೂಟಿಯಲ್ಲಿದ್ದಾಗ ನಾನು ಯಾವ ರೋಗಿಗೂ ಯೇಸುವಿನ ವಿಷಯ ನಾನಾಗಿ ಎತ್ತಲಿಲ್ಲ. ಸರ್ಕಾರಿ ನೌಕರಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಹಾಸಿಗೆ ಹಿಡಿದವನು ನಮ್ಮ ಕೈಯಲ್ಲಿರುತ್ತಾನೆ. ಬೆಡ್ ಪ್ಯಾನ್‌ಗೂ ನಮ್ಮ ಮುಖ ನೋಡಬೇಕಾದವನಿಗೆ ನಮ್ಮ ಮಾತಿಗೆ ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಅವನಾಗಿ ಕೇಳಿದರೆ ಬೇರೆ. “ಒಸಿ ಪ್ರಾರ್ಥನೆ ಮಾಡವ್ವ” ಎಂದ ಮುದುಕಿಯರು ಎಷ್ಟೋ ಜನ. ಸಂಜೆ ಡ್ಯೂಟಿ ಮುಗಿಸಿ ಬಂದು ಕೈ ಹಿಡಿದು ಮೆಲ್ಲಗೆ ಎರಡು ಮಾತು ಪ್ರಾರ್ಥಿಸಿದ್ದೇನೆ. ಪಕ್ಕದ ಹಾಸಿಗೆಯ ಮುಸ್ಲಿಂ ತಾಯಿ, “ನನ್ನ ಮಗನ ಹೆಸರೂ ಹೇಳಮ್ಮ” ಎಂದದ್ದುಂಟು. ಹೇಳಿದೆ.

ಚನ್ನರಾಯಪಟ್ಟಣದ ಸಭೆಯವರಿಗೆ ಒಂದು ವಿಶೇಷ ಮಾತು. ನಿಮ್ಮ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿಯ ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಮೂರ್ತಿ. ನೋಡಲು ಬಂದವರಿಗೆ ಅದನ್ನು ಯಾರೂ ಕೂಗಿ ಹೇಳಬೇಕಾಗಿಲ್ಲ. ನಾನು ಕ್ರಿಸ್ತನನ್ನು ನಂಬುವವಳು, ಜೈನರ ದಾರಿ ನನ್ನದಲ್ಲ. ಆದರೂ ಆ ಬೆಟ್ಟವನ್ನು ದಿನವೂ ನೋಡುವ ಜನರ ಮುಂದೆ ನಾವು ಮೈಕ್ ಹಿಡಿದು ತ್ಯಾಗದ ಬಗ್ಗೆ ಮಾತಾಡಿ, ಮನೆಗೆ ಬಂದು ಮಗನಿಗೆ ವರದಕ್ಷಿಣೆ ಕೇಳಿದರೆ ಅವರು ನಮ್ಮನ್ನು ಏನೆಂದು ತಿಳಿಯಬೇಕು? ಇನ್ನೊಬ್ಬರ ದೇವರನ್ನು ಕಲ್ಲು ಎಂದು ಹಂಗಿಸುವ ಪ್ರಸಂಗವೂ ಬೇಡ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಊರಿನ ರಸ್ತೆಯಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವ ಜನ ನಮ್ಮ ಅಕ್ಕಪಕ್ಕದ ಮನೆಯವರೇ. ಮಕ್ಕಳನ್ನು ಎತ್ತಿಕೊಂಡು ನಿಂತವರಿಗೆ ನೀರು ಕೊಡಿ. ಪೌಲನು ಅಥೇನೆಯಲ್ಲಿ ವಿಗ್ರಹಗಳನ್ನು ನೋಡಿ ಒಳಗೆ ಕುದಿದನಾದರೂ, ಬಾಯಿ ತೆರೆದಾಗ ಆ ಜನರ ಭಕ್ತಿಯನ್ನು ಗುರುತಿಸಿಯೇ ಮಾತು ಶುರುಮಾಡಿದ.

ಕನ್ನಡದ ಕ್ರೈಸ್ತರಲ್ಲಿ ಇದನ್ನು ಬದುಕಿ ತೋರಿಸಿದವರಿದ್ದಾರೆ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸುವಾರ್ತೆಯ ಕೆಲಸಕ್ಕೆಂದೇ ಜೀವ ತೇದವರು. ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಕನ್ನಡಿಗರ ಕೈಗಿಟ್ಟವರೂ ಅವರೇ. ಸರ್ವಜ್ಞನನ್ನು ಪ್ರೀತಿಸಿದ್ದರಿಂದ ಅವರ ಕ್ರಿಸ್ತಭಕ್ತಿ ಕಡಿಮೆಯಾಗಲಿಲ್ಲ. ನಾಡು ಅವರನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಅತ್ತ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕ್ರೈಸ್ತರಾಗದೆಯೇ ಯೇಸುವಿನ ಶಿಲುಬೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿ ಬರೆದರು. ಈ ನುಡಿಯ ಅಂಗಳದಲ್ಲಿ ಯೇಸುವಿಗೆ ಜಾಗವಿದೆ. ನಾವು ಕೂಗಾಡಿ ಬಿಡಿಸಿಕೊಳ್ಳಬೇಕಾದ ಜಾಗ ಅದಲ್ಲ.

ಇನ್ನು ನಮ್ಮ ಮನೆಯೊಳಗಿನ ಕೊಳೆ. ಬಹಿರಂಗ ಪತ್ರದಲ್ಲಿ ಇದು ಬೇಕೇ ಎಂದು ಕೆಲವರು ಕೇಳಬಹುದು. ನೆರೆಯವರಿಗೆ ಇದು ಆಗಲೇ ಗೊತ್ತಿದೆ, ಆದ್ದರಿಂದ ಬೇಕು. ಸಭೆಗೆ ಬಂದ ಮೇಲೂ ಹೆಣ್ಣು ಕೊಡುವಾಗ ಹಳೆಯ ಜಾತಿ ಕೇಳುತ್ತೇವೆ. ಕೆಲವು ಕಡೆ ಬೆಂಚಿನ ಸಾಲಿನಲ್ಲೂ ಅದು ಕಾಣುತ್ತದೆ. ಪರಿಶಿಷ್ಟ ಜಾತಿಯಿಂದ ಬಂದ ನಮ್ಮ ಸಹೋದರರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರೆಂದು ಬರೆಸಿದರೆ ಆ ಮೀಸಲಾತಿ ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೊಟ್ಟದ್ದು ಇವರಿಗೆ ಬಂದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಹೆದರಿ ಬದುಕುವ ಮನೆಗಳಿವೆ. ಅವರನ್ನು ಅರೆನಂಬಿಕೆಯವರು ಎಂದು ಮೇಲಿಂದ ನೋಡುವವರು, ಅವರ ಮಗಳ ಕಾಲೇಜು ಫೀಸಿಗೆ ಯಾವತ್ತಾದರೂ ಕೈ ಕೊಟ್ಟಿದ್ದಾರೆಯೇ? ಕರ್ತನ ಮೇಜಿನ ರೊಟ್ಟಿ ಒಟ್ಟಿಗೆ ಮುರಿದು, ಮದುವೆಯ ಊಟಕ್ಕೆ ಬೇರೆ ಬೇರೆ ಕೂರುವ ಸಭೆಯಿಂದ ಊರಿಗೆ ಯಾವ ಸುವಾರ್ತೆಯೂ ಹೋಗುವುದಿಲ್ಲ. ಗೌಡರ ಜಗಲಿ ಬದಲಾದದ್ದನ್ನು ಹೇಳಿದೆ. ನಮ್ಮವರ ಜಗಲಿಗಳಲ್ಲಿ ಎಷ್ಟು ಬದಲಾಗಿವೆ?

ಶುಂಠಿ, ಆಲೂಗಡ್ಡೆ ಬೆಳೆಯುವವರು ನಮ್ಮಲ್ಲಿ ಇದ್ದಾರೆ, ಆಳು ಕರೆಸುವ ಮೇಸ್ತ್ರಿಗಳೂ ಇದ್ದಾರೆ. ಶನಿವಾರದ ಬಟವಾಡೆಯನ್ನು ಮುಂದೂಡಿ ಭಾನುವಾರ ಕಾಣಿಕೆ ಹಾಕುವುದು ಬೇಡ. ಕೂಲಿಕಾರನ ಮುರಿದ ಕೂಲಿ ದೇವರ ಕಿವಿಗೆ ಕೂಗಿ ಹೇಳುತ್ತದೆ ಎಂಬ ಅರ್ಥದ ಮಾತನ್ನು ಯಾಕೋಬನು ಬರೆದದ್ದು ಸಭೆಗಳಿಗೇ. ಬಿತ್ತನೆ ಆಲೂಗಡ್ಡೆ ಕಾಲದಲ್ಲಿ ಕೊಳೆತ ಗೆಡ್ಡೆಯನ್ನು ಮೂಟೆಯ ತಳದಲ್ಲಿ ತುಂಬಿ ಮಾರಿದರೆ, ಅಂಗಮಾರಿ ಬಿದ್ದು ಬೆಳೆ ಹೋದ ರೈತ ಆ ಮೂಟೆಯನ್ನೂ ಮಾರಿದವನ ಹೆಸರನ್ನೂ ಮರೆಯುವುದಿಲ್ಲ.

ಪೆಂಡಾಲೇ ಬೇಡ ಎನ್ನುತ್ತೀರಾ ಎಂದು ನೀವು ಕೇಳುವಿರಿ. ಹಾಕಿ. ಹಾಡಿರಿ, ಪ್ರಾರ್ಥಿಸಿರಿ, ಬರುವವರಿಗೆ ವಾಕ್ಯ ಹೇಳಿರಿ. ಅದು ನಮ್ಮ ಹಕ್ಕು, ನಮ್ಮ ಸಂತೋಷ. ಅಕ್ಕಪಕ್ಕದ ಮಕ್ಕಳಿಗೆ ಪರೀಕ್ಷೆ ಇರುವ ವಾರದಲ್ಲಿ ಬೇಡ, ರಾತ್ರಿ ಹತ್ತರ ಮೇಲೆ ಮೈಕ್ ಬೇಡ, ಅಷ್ಟೇ. ಆದರೆ ಈ ವರ್ಷ ಕೂಟಕ್ಕೆ ಎತ್ತಿದ ಹಣದಲ್ಲಿ ಅರ್ಧವನ್ನು ಬೇರೆ ಕೆಲಸಕ್ಕೆ ಇಡಬೇಕೆಂದು ಬೇಡಿಕೊಳ್ಳುತ್ತೇನೆ. ಎರಡು ಕೆಲಸ ನನ್ನ ಮನಸ್ಸಿನಲ್ಲಿವೆ.

ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ನಿ-ಕ್ಷಯ ಮಿತ್ರ ಎಂಬ ಏರ್ಪಾಡು ಮಾಡಿತು. ವ್ಯಕ್ತಿಗಳು, ಸಂಘಗಳು ಯಾರೇ ಆಗಲಿ, ಒಪ್ಪಿಗೆ ಕೊಟ್ಟ ಕ್ಷಯ ರೋಗಿಗಳಿಗೆ ಔಷಧಿ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರದ ಕಿಟ್ ಕೊಡಬಹುದು. ಬೇಳೆ, ಎಣ್ಣೆ, ಕಡಲೆಬೀಜ, ರಾಗಿ ಹಿಟ್ಟು. ಒಂದೊಂದು ಸಭೆ ಐದು ರೋಗಿಗಳ ಹೊಣೆ ಹೊತ್ತರೆ ಸಾಕು. ಯಾವ ರೋಗಿ, ಯಾವ ಜಾತಿ, ಯಾವ ಮತ ಎಂದು ನಾವು ಕೇಳುವಂತಿಲ್ಲ, ಕೇಳಬೇಕಾಗಿಯೂ ಇಲ್ಲ. ಕಿಟ್ ಮೇಲೆ ಸಭೆಯ ಹೆಸರು ಬೇಡ, ಕೊಡುವ ಫೋಟೋ ವಾಟ್ಸ್ಆ್ಯಪ್‌ಗೆ ಬೇಡ. ಕ್ಷಯವಿದೆ ಎಂದು ಗೊತ್ತಾದರೆ ಆ ಮನೆಯ ಹುಡುಗಿಗೆ ಗಂಡು ಸಿಗದ ಊರುಗಳಿವು.

ಇನ್ನೊಂದು, ಹಾಸನದ ಜಿಲ್ಲಾ ಆಸ್ಪತ್ರೆಗೆ ಉಳಿದ ಮೂರೂ ತಾಲ್ಲೂಕುಗಳಿಂದ ರೋಗಿಗಳು ಬರುತ್ತಾರೆ. ಜೊತೆಗೆ ಯಾರೂ ಇಲ್ಲದ ಮುದುಕರು ಎಷ್ಟೋ ಜನ. ಔಷಧಿ ಚೀಟಿ ಹಿಡಿದು ಓಡಲು, ಸ್ಕ್ಯಾನಿಂಗ್‌ಗೆ ಟ್ರಾಲಿ ತಳ್ಳಲು, ಗಂಜಿ ಕುಡಿಸಲು, ಮಗ್ಗುಲು ಬದಲಿಸಲು ಕೈ ಬೇಕು. ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನಿಗೆ ಹುಣ್ಣಾಗುತ್ತದೆ. ಆ ಹುಣ್ಣಿನ ವಾಸನೆ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆಸ್ಪತ್ರೆಯವರ ಅನುಮತಿ ಪಡೆದು, ಪಾಳಿಯಂತೆ ಇಬ್ಬಿಬ್ಬರು ಹೋಗಿ ಕೂರೋಣ. ಬೈಬಲ್ ಕೈಯಲ್ಲಿ ಬೇಡ, ಕರಪತ್ರ ಜೇಬಿನಲ್ಲಿ ಬೇಡ, ಶಿಲುಬೆಯ ಸರ ಇದ್ದರೆ ಕೊರಳಲ್ಲೇ ಇರಲಿ, ಮುಚ್ಚಿಡಬೇಕಾಗಿಲ್ಲ. ನೀವು ಯಾರು, ಯಾಕೆ ಬರುತ್ತೀರಿ ಎಂದು ಕೇಳಿದರೆ ಸುತ್ತು ಬಳಸದೆ ಹೇಳಿ. ಪೇತ್ರನು ಹೇಳಿದಂತೆ ಸೌಮ್ಯವಾಗಿ, ಗೌರವದಿಂದ. ಅವರು ಮಾತು ಬದಲಿಸಿದರೆ ನೀವೂ ಬದಲಿಸಿ, ಬಿಸಿನೀರು ತಂದುಕೊಡಿ.

ಮಗ್ಗುಲು ಬದಲಿಸುವುದು, ಹಿಡಿದು ಎತ್ತುವುದು, ಮೂಗಿನ ನಳಿಕೆಯಿದ್ದವರ ಹತ್ತಿರ ಎಚ್ಚರ, ಕೈ ತೊಳೆಯುವ ಕ್ರಮ ಇವನ್ನೆಲ್ಲ ಕಲಿಸಲು ನಾನಿದ್ದೇನೆ. ನನ್ನಂತೆ ನಿವೃತ್ತರಾದ ಇಬ್ಬರು ಸಿಸ್ಟರುಗಳೂ ಬರಲು ಒಪ್ಪಿದ್ದಾರೆ, ಅವರಲ್ಲಿ ಒಬ್ಬರು ಲಿಂಗಾಯತರು. ಮೊದಲ ತರಬೇತಿಗೆ ಪ್ರತಿ ಊರಿನಿಂದ ನಾಲ್ಕು ಜನರನ್ನು ಕಳಿಸಿಕೊಡಿ. ವಯಸ್ಸಿನ ಮಿತಿಯಿಲ್ಲ, ಸೊಂಟ ಗಟ್ಟಿಯಿದ್ದರೆ ಸಾಕು. ಪಾಸ್ಕ ಹಬ್ಬ ಕಳೆದ ಮರುವಾರ ಶುರುಮಾಡೋಣ. ಬರುವವರ ಹೆಸರನ್ನು ನಿಮ್ಮ ನಿಮ್ಮ ಸಭಾಪಾಲಕರ ಹತ್ತಿರ, ಫಾದರ್ ಹತ್ತಿರ ಈ ಭಾನುವಾರವೇ ಬರೆಸಿ.

ಇಂತಿ ನಿಮ್ಮ ಸಹೋದರಿ,
ಹಾಸನ